ನೆಲೆ ಬಿಚ್ಚುವ ಸೂಜಿ

ಆ ಮುಂಗುಸಿಯೂ ವಾಪಸು ಹೊರಟಿತ್ತು.

ಅದರ ಕೊರಳ ಪಟ್ಟಿಯ ಸುಳಿವು ತೋರಿಸುವ ಹಸಿರು ಚುಕ್ಕಿ ಪರದೆಯ ಮೇಲೆ ಹೊಸಗುಡ್ಡದ ಇಳಿಜಾರು ಬಿಟ್ಟು, ಜೋಳದ ಹೊಲಗಳನ್ನು ಹಾಯ್ದು, ಎಲ್ಲಿಯೂ ತಡೆಯದೆ ಮೂಡಣ ದಿಕ್ಕಿಗೆ ಓಡುತ್ತಿತ್ತು. ಹೆದ್ದಾರಿಯ ಮೇಲೆ ಬಂದದ್ದೇ ನಿಂತಿತು. ದಾಕ್ಷಾಯಣಿ ಸ್ವಲ್ಪ ಹೊತ್ತು ಕಾದಳು. ಚುಕ್ಕಿ ಮತ್ತೆ ಅಲುಗಲಿಲ್ಲ.

"ಇದೂ ಹೋತು ಸರ್," ಎಂದಳು.

ಹಿಂದಿನ ಮೇಜಿನಲ್ಲಿದ್ದ ಇನಾಮದಾರರು ತಲೆ ಎತ್ತಲಿಲ್ಲ. ಸಂಶೋಧನಾ ಕೇಂದ್ರದ ಮುಖ್ಯಸ್ಥರಾದ ಅವರಿಗೆ ಆ ವಾರವೆಲ್ಲ ಇದೇ ಸುದ್ದಿ.

ಕರಿಗುಡ್ಡದ ನೆಲದಡಿ ಬ್ಯಾಟರಿಗೆ ಬೇಕಾದ ಖನಿಜ ಸಿಕ್ಕಿತ್ತು. ಗಣಿ ತೋಡುವ ಮೊದಲು ಅಲ್ಲಿನ ಕಾಡುಪ್ರಾಣಿಗಳನ್ನು ಬೇರೆಡೆಗೆ ಸಾಗಿಸಬೇಕೆಂದು ಕಾನೂನು ಬಂದಿತ್ತು. ಪಡುವಣಕ್ಕೆ ಒಂದು ದಿನದ ದಾರಿಯಾಚೆಗಿನ ಹೊಸಗುಡ್ಡವನ್ನು ಅದಕ್ಕೆಂದು ಗೊತ್ತು ಮಾಡಿದ್ದರು. ನರಿಗಳನ್ನು, ತೋಳಗಳನ್ನು ಹೇಗೋ ಸಾಗಿಸಿದರು. ಕಾಡಿದವು ಸಣ್ಣವು. ಪಂಜರದಲ್ಲಿ ಜೋಪಾನವಾಗಿ ತಂದು ಬಿಟ್ಟ ಮುಂಗುಸಿ ಮರುದಿನವೇ ತನ್ನ ಹಳೆಯ ಜಾಗದ ದಾರಿ ಹಿಡಿಯುತ್ತಿತ್ತು. ರಸ್ತೆಯಲ್ಲಿ, ನಾಯಿಯ ಬಾಯಲ್ಲಿ, ನೀರಿಲ್ಲದ ಬಯಲಿನಲ್ಲಿ ಸಾಯುತ್ತಿತ್ತು.

ದಾಕ್ಷಾಯಣಿ ಓದಿದ್ದೆಲ್ಲ ಇಂಥ ಸಣ್ಣ ಪ್ರಾಣಿಗಳ ತಿರುಗಾಟವನ್ನು ಕುರಿತೇ. ಮುಂಗುಸಿ ಕಂಡಕಂಡಲ್ಲಿ ಅಲೆಯುವುದಿಲ್ಲ. ಅದಕ್ಕೆ ತನ್ನದೆನ್ನುವ ಒಂದಷ್ಟು ಎಕರೆ ಇರುತ್ತದೆ. ಅದರೊಳಗೆ ಮಲಗುವ ಹುತ್ತ, ಬಿಸಿಲಿಗೆ ಅಡಗುವ ಪೊದೆ, ಕಪ್ಪೆ ಸಿಗುವ ಹಳ್ಳ ಎಂದು ಕೆಲವೇ ಜಾಗಗಳು ದಿನಬಳಕೆಯವು. ಅಂಚಿನ ಕಡೆಗೆ ಅದು ಅಪರೂಪಕ್ಕೆ ಸುಳಿಯುತ್ತದೆ. ಒಮ್ಮೊಮ್ಮೆ ಮಾತ್ರ ಅಂಚು ದಾಟಿ, ಆಚೆ ಏನಿದೆಯೆಂದು ನೋಡಿಕೊಂಡು ಬರುತ್ತದೆ. ಇದೆಲ್ಲದರ ನಕ್ಷೆ ಅದರ ಮಿದುಳಿನ ಕೆಲವು ಜೀವಕೋಶಗಳಲ್ಲಿ ಕೂತಿರುತ್ತದೆ. ಪ್ರಾಣಿಯನ್ನು ಎಲ್ಲಿ ಒಯ್ದು ಬಿಟ್ಟರೂ ನಕ್ಷೆ ಅದರ ಜೊತೆಗೇ ಹೋಗುತ್ತದೆ.

"ಬರೇ ಪ್ರಾಣಿ ಸಾಗಿಸಿದ್ರ ಆಗೂದಿಲ್ಲ ದಾಕ್ಷಾಯಣಿ," ಎಂದರು ಇನಾಮದಾರರು. "ಅದರ ತಲಿಯಾಗಿನ ನಕ್ಷೆನೂ ಸಾಗಿಸಬೇಕು."

ಅದನ್ನೂ ಸಾಧಿಸಿದರು. ಎರಡು ಮದ್ದುಗಳು. ಮೊದಲನೆಯದು ಆ ಜೀವಕೋಶಗಳ ಹಿಡಿತ ಸಡಿಲಿಸಿ, 'ಇದು ನನ್ನ ಜಾಗ' ಎಂಬ ಸೆಳೆತವನ್ನು ಬಿಚ್ಚುತ್ತಿತ್ತು. ಎರಡನೆಯದನ್ನು ಕೊಟ್ಟು ಮೂರು ದಿನ ಹೊಸ ಜಾಗದಲ್ಲಿ ಕೂಡಿಟ್ಟರೆ ಆ ಸೆಳೆತ ಅಲ್ಲಿಗೆ ಕಟ್ಟಿಕೊಳ್ಳುತ್ತಿತ್ತು. ಸೂಜಿ ಚುಚ್ಚಿಸಿಕೊಂಡ ಮುಂಗುಸಿಗಳು ಪಂಜರದ ಬಾಗಿಲು ತೆರೆದಾಗ ಹೊರಬಂದು, ಮೂಗು ಎತ್ತಿ ಗಾಳಿ ಮೂಸಿ, ಪಕ್ಕದ ಹುತ್ತ ಹೊಕ್ಕವು. ಒಂದೂ ಮೂಡಣಕ್ಕೆ ಹೊರಡಲಿಲ್ಲ. ಆ ದಿನ ಕೇಂದ್ರದಲ್ಲಿ ಎಲ್ಲರಿಗೂ ಧಾರವಾಡ ಪೇಡೆ ಹಂಚಿದರು.

ಹೊಸಗುಡ್ಡದ ಬುಡದಲ್ಲೇ, ಹಳೆಯ ಕೆರೆಯೊಂದರ ಕೆಳಗೆ, ಕೇಂದ್ರದಿಂದ ಕಾಣುವಷ್ಟು ದೂರದಲ್ಲಿ, ಕರಿಗುಡ್ಡ ಊರಿನ ಜನರಿಗೂ ಹೊಸ ಕಾಲೊನಿ ಕಟ್ಟಿದ್ದರು. ಅಲ್ಲಿ ಎರಡನೆಯ ಸಾಲಿನ ಕೊನೆಯ ಮನೆ ದಾಕ್ಷಾಯಣಿಯ ಅಕ್ಕ ನೀಲವ್ವನದು.

ತಾಯಿ ತೀರಿಕೊಂಡ ಮೇಲೆ ದಾಕ್ಷಾಯಣಿಯನ್ನು ಸಾಕಿದವರು ನೀಲವ್ವ ಮತ್ತು ಅವಳ ಗಂಡ ಶಿವಪುತ್ರಪ್ಪ. ಶಿವಪುತ್ರಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಸುತ್ತಲಿನ ಹಳ್ಳಿಗಳಲ್ಲಿ ಅವನು ಹತ್ತದ ಕಂಬವಿಲ್ಲ, ಚಹಾ ಕುಡಿಯದ ಮನೆಯಿಲ್ಲ. ಹೆಗಲಿಗೆ ಹಗ್ಗ ಹಾಕಿಕೊಂಡು ತಂತಿಯ ಗುಂಟ ನಡೆದು ನಡೆದು ಅವನ ಅಂಗಾಲು ಚಪ್ಪಲಿಯಷ್ಟೇ ಗಟ್ಟಿಯಾಗಿತ್ತು. ನಿವೃತ್ತನಾದ ಮೇಲೂ ಕೂತು ಉಂಡವನಲ್ಲ.

ಕಾಲೊನಿಗೆ ಬಂದ ಮೇಲೆ ಅವನು ವಾರಕ್ಕೆರಡು ಸಲ ಹೊರಟುಬಿಡುತ್ತಿದ್ದ. ಅರ್ಧ ದಾರಿ ಬಸ್ಸು, ಅರ್ಧ ದಾರಿ ನಡಿಗೆ. ಗಣಿಯ ಬೇಲಿಯ ಮುಂದೆ ಕುಳಿತು, ತನ್ನ ಮನೆಯಿದ್ದ ದಿಕ್ಕಿಗೆ ನೋಡುತ್ತಿದ್ದ. ಅವನೊಬ್ಬನೇ ಅಲ್ಲ. ಆ ಬೇಲಿಗೆ ಬರುವ ಕಾಲೊನಿಯವರು ಬಹಳ ಮಂದಿ ಇದ್ದರು. ಅವರಲ್ಲಿ ಒಬ್ಬ ಬೇಲಿ ನುಸುಳಿ ಒಳಗೆ ಹೋಗಿ, ಸಿಡಿಮದ್ದಿಗೆ ಹಾರಿದ ಕಲ್ಲಿಗೆ ಸಿಕ್ಕಿ ಸತ್ತ. ಅದಾದ ಕೆಲವು ತಿಂಗಳಿಗೆ ಶಿವಪುತ್ರಪ್ಪನೂ ಒಳಗೆ ನುಗ್ಗಿದ. ಕಾವಲಿನವರು ಅವನನ್ನು ಎಳೆದು ಹೊರಹಾಕಿ, ಪೊಲೀಸ್ ಜೀಪಿನಲ್ಲಿ ಮನೆಗೆ ತಂದು ಬಿಟ್ಟರು. ತುಟಿ ಒಡೆದಿತ್ತು.

ದಾಕ್ಷಾಯಣಿ ಹೋದಾಗ ನೀಲವ್ವ ಅವನ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದಳು.

"ಯಾಕ ಮಾಮಾ? ಅಲ್ಲಿ ಈಗ ಏನೈತಿ?"

"ಏನಿಲ್ಲವ್ವಾ, ನನಗೂ ಗೊತ್ತೈತಿ," ಎಂದ ಶಿವಪುತ್ರಪ್ಪ ನಾಚಿಕೊಂಡು. "ಕಾಲು ಕೇಳಬೇಕಲ್ಲ. ಎದ್ದ ಕೂಡ್ಲೇ ಆ ಕಡೆನ ಹೊಂಡ್ತಾವ."

ಅವನು ಮಲಗಿದ ಮೇಲೆ ನೀಲವ್ವ ಅಡುಗೆಮನೆಯಲ್ಲಿ ತಂಗಿಯ ಕೈ ಹಿಡಿದಳು.

"ಮುಂದಿನ ಸಲ ಹೆಣಾ ಬರ್ತೈತಿ ದಾಕ್ಷಿ. ನಿಮ್ಮ ಮುಂಗಲಿಗೆ ಹಾಕೂ ಸೂಜಿ ಮನಶ್ಯಾರಿಗೂ ಹಾಕ್ತಾರಂತ, ಕಾಲೊನಿಯಾಗ ಶಿಬಿರ ಮಾಡ್ತಾರಂತ. ಖರೇ ಏನು?"

ಖರೆಯೇ ಆಗಿತ್ತು. ಬೇಲಿಯ ಸಾವಿನ ನಂತರ ಪುನರ್ವಸತಿಯ ಅಧಿಕಾರಿಗಳು ಇನಾಮದಾರರ ಬಳಿ ಬಂದಿದ್ದರು. ಮನುಷ್ಯರಿಗೆ ತಕ್ಕಂತೆ ಮದ್ದನ್ನು ಹದ ಮಾಡಿ, ಒಪ್ಪಿದ ಕೆಲವರ ಮೇಲೆ ಪರೀಕ್ಷಿಸಿ, ಅನುಮತಿಯನ್ನೂ ಪಡೆದಾಗಿತ್ತು. ಎಲ್ಲವೂ ಬೇಗಬೇಗ ನಡೆದಿತ್ತು. ದಾಕ್ಷಾಯಣಿಗೆ ಒಂದೇ ಒಂದು ಅನುಮಾನವಿತ್ತು. ಅದನ್ನು ಮರುದಿನ ಇನಾಮದಾರರ ಮುಂದಿಟ್ಟಳು.

"ಸರ್, ಸೂಜಿ ಹಾಕಿದ ಮುಂಗುಸಿಗಳ ತಿರುಗಾಟದ ಜಾಗ ಸಣ್ಣದಾಗ್ಲಿಕತ್ತೇತಿ. ಪ್ರತಿ ವಾರ ಸ್ವಲ್ಪ ಸ್ವಲ್ಪ."

"ಆಗಬೇಕಾದ್ದ," ಎಂದರು ಅವರು. "ಆಹಾರ ಹೇರಳ ಇದ್ದಲ್ಲಿ ಪ್ರಾಣಿ ಸಣ್ಣ ಜಾಗದಾಗ ಬದುಕ್ತದ. ದೂರ ಯಾಕ ಹೋಗಬೇಕು? ಹೊಸಗುಡ್ಡ ಛಲೋ ಜಾಗ ಅಂತ ಅದರ ಅರ್ಥ."

ಅದು ಪುಸ್ತಕದಲ್ಲಿರುವ ಮಾತೇ. ಎಷ್ಟೋ ಕಡೆ ಎಷ್ಟೋ ಪ್ರಾಣಿಗಳಲ್ಲಿ ಸಾಬೀತಾದದ್ದು. ದಾಕ್ಷಾಯಣಿಯೇ ಅದನ್ನು ತನ್ನ ಪ್ರಬಂಧದಲ್ಲಿ ಬರೆದಿದ್ದಳು. ಅನುಮಾನ ಅಲ್ಲಿಗೆ ಬಿಟ್ಟಳು. ಬಿಡಲು ಮನಸ್ಸೂ ಇತ್ತು, ಒಡೆದ ತುಟಿ ಕಣ್ಣಮುಂದಿತ್ತು.

ಶಿಬಿರದ ದಿನ ಶಿವಪುತ್ರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಸಾಲಿನಲ್ಲಿ ನಿಂತವರು ಆಗಲೇ ಬಿಚ್ಚು ಸೂಜಿ, ಕಟ್ಟು ಸೂಜಿ ಎಂದು ಅವುಗಳಿಗೆ ಹೆಸರಿಟ್ಟಿದ್ದರು.

"ಊರು ಮರ್ತು ಹೋಗ್ತೇತೇನವ್ವಾ?" ಎಂದು ಕೇಳಿದ.

"ಇಲ್ಲ ಮಾಮಾ, ಎಲ್ಲಾ ನೆನಪಿರ್ತೈತಿ. ಎಳಿಯೂದು ಅಷ್ಟ ನಿಲ್ತೈತಿ."

"ನೀ ಏನಂತಿ? ಹಾಕಿಸ್ಕೊಳ್ಳಲೇನು?"

"ಹಾಕಿಸ್ಕೋರಿ," ಎಂದಳು ದಾಕ್ಷಾಯಣಿ.

ಅವನು ಮತ್ತೇನೂ ಕೇಳದೆ ತೋಳು ಚಾಚಿದ.

ನೀಲವ್ವ ಮಾತ್ರ ಹಾಕಿಸಿಕೊಳ್ಳಲಿಲ್ಲ. "ಮನ್ಯಾಗ ಒಬ್ಬರಾದ್ರೂ ಊರಿಗೆ ಅಳವ್ರು ಇರ್ಲಿ," ಎಂದು ಸೆರಗು ಕೊಡವಿ ಎದ್ದುಹೋದಳು.

ಮೊದಲ ತಿಂಗಳು ಆ ಮನೆಯಲ್ಲಿ ಹಬ್ಬದ ಕಳೆ ಇತ್ತು. ಶಿವಪುತ್ರಪ್ಪ ಹೊಟ್ಟೆ ತುಂಬ ಉಂಡ, ಗೊರಕೆ ಹೊಡೆದು ಮಲಗಿದ. ಬಾಗಿಲಿಗೆ ತಾನೇ ಬಣ್ಣ ಬಳಿದ. ಕರಿಗುಡ್ಡದ ಮನೆಯ ಮಾತು ಬಂದರೆ ಎಷ್ಟು ಕಂಬ, ಎಷ್ಟು ತೊಲೆ ಎಂದು ತಪ್ಪಿಲ್ಲದೆ ಹೇಳುತ್ತಿದ್ದ. ಆದರೆ ಬೇರೆ ಯಾರದೋ ಮನೆಗೆ ಕರೆಂಟು ಹಾಕಲು ಹೋಗಿದ್ದವನಂತೆ ಹೇಳುತ್ತಿದ್ದ. ತನ್ನ ಮೊದಲ ಕೂಸು ಹುಟ್ಟಿ ಎರಡೇ ದಿನಕ್ಕೆ ತೀರಿಹೋದ ಕೋಣೆಯ ಬಗ್ಗೆಯೂ ಹಾಗೆಯೇ. ನೀಲವ್ವ ಆ ಕೋಣೆಯ ಮಾತೆತ್ತುವುದನ್ನು ನಿಲ್ಲಿಸಿದಳು.

ಮಳೆಗಾಲದ ಹೊತ್ತಿಗೆ ಅವಳಿಂದ ಫೋನು ಬಂತು. "ಎಲ್ಲೂ ಹೋಗಂಗಿಲ್ಲಂತ ಖುಷಿಪಟ್ಟಿದ್ನೆಲ್ಲ ದಾಕ್ಷಿ. ಈಗ ಸಂತಿಗೂ ಹೋಗಂಗಿಲ್ಲ. ಕಟಿಂಗ್ ಮಾಡಿಸ್ಕೊಳ್ಳಾಕ ಕರದ್ರ, ಅಂವನ್ನ ಇಲ್ಲೇ ಕರಿ ಅಂತಾರ. ಸಿಟ್ಟಿಲ್ಲ, ಬ್ಯಾಸರ ಇಲ್ಲ. ಸುಮ್ನ ಕುಂದರ್ತಾರ."

"ವಯಸ್ಸಾತಲ್ಲಕ್ಕಾ," ಎಂದಳು ದಾಕ್ಷಾಯಣಿ. ಹೇಳುವಾಗಲೇ ಆ ಮಾತು ಅವಳಿಗೆ ಹಿಡಿಸಲಿಲ್ಲ.

ಅದೇ ವಾರ ಕೊರಳ ಪಟ್ಟಿಯ ಬ್ಯಾಟರಿ ಬದಲಿಸಲೆಂದು ಕೆಲವು ಮುಂಗುಸಿಗಳನ್ನು ಹಿಡಿಯಬೇಕಿತ್ತು. ಬೋನು ಹುತ್ತದ ಬಾಯಿಗೇ ಇಡಬೇಕಾಯಿತು. ನಾಲ್ಕು ಮಾರು ದೂರ ಇಟ್ಟರೆ ಅವು ಬರುತ್ತಲೇ ಇರಲಿಲ್ಲ. ಸಿಕ್ಕ ಮೊದಲ ಮುಂಗುಸಿಯನ್ನು ಬಟ್ಟೆಯ ಚೀಲದಿಂದ ತೆಗೆದಾಗ ದಾಕ್ಷಾಯಣಿಯ ಕೈಗೆ ಬರೀ ಎಲುಬು ಹತ್ತಿತು. ಕೂದಲು ಉದುರಿತ್ತು. ಕಚ್ಚಲೂ ಅದಕ್ಕೆ ಕಸುವಿರಲಿಲ್ಲ.

ಅವಳು ಆ ಹುತ್ತದ ಸುತ್ತ ನಡೆದು ನೋಡಿದಳು. ಹತ್ತಿರದ ಹುಳ, ಮಿಡತೆ, ಮೊಟ್ಟೆ ಎಲ್ಲ ಎಂದೋ ಮುಗಿದಿದ್ದವು. ಒಂದು ಬದು ದಾಟಿದರೆ ಹಳ್ಳ. ಹಳ್ಳದ ತುಂಬ ಕಪ್ಪೆಗಳು ಕೂಗುತ್ತಿದ್ದವು. ಮುಂಗುಸಿಗೆ ಅದು ಕೇಳಿಸದೆ ಇರಲು ಸಾಧ್ಯವಿಲ್ಲ. ಆದರೂ ಅದು ಬದು ದಾಟಿರಲಿಲ್ಲ.

ಅಂದು ಕೇಂದ್ರದಲ್ಲಿ ಕೂತು ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಪರದೆಗೆ ತಂದಳು. ಸೂಜಿ ಕಾಣದ ಪ್ರಾಣಿಗಳ ನಕ್ಷೆಯಲ್ಲಿ ದಾರಿಗಳು ಹೆಣೆದುಕೊಂಡಿದ್ದವು. ಮರಿಯಾಗಿದ್ದಾಗಿನಿಂದ ಅವು ಒಂದೊಂದೇ ಹೆಜ್ಜೆ ಹೊರಗಿಟ್ಟು, ಹೆದರಿ ಹಿಂದೆ ಬಂದು, ಮತ್ತೆ ಇನ್ನಷ್ಟು ದೂರ ಹೋಗಿ ತಮ್ಮ ಜಾಗವನ್ನು ತಾವೇ ಮಾಡಿಕೊಂಡಿದ್ದವು. ಮದ್ದು ಕೊಟ್ಟದ್ದು ಅದನ್ನಲ್ಲ. ಅದು ಪ್ರಾಣಿಯ ಸೆಳೆತವನ್ನೆಲ್ಲ ಒಂದು ಬಿಂದುವಿಗೆ ಬಿಗಿದಿತ್ತು. ಆ ಬಿಂದುವಿನಿಂದ ಒಂದು ಹೆಜ್ಜೆ ದೂರ ಹೋದರೂ ಎಳೆತ. ದಿನ ಕಳೆದಂತೆ ಇನ್ನೂ ಬಿಗಿಯಾದ ಎಳೆತ. ಜಾಗ ಚಿಕ್ಕದಾದದ್ದು ಹೊಟ್ಟೆ ತುಂಬಿದ್ದಕ್ಕಲ್ಲ.

ಇನಾಮದಾರರು ಅವಳ ಮಾತು ಪೂರ್ತಿ ಕೇಳಿದರು. ಮುಖ ಬಿಳಿಚಿತು. ಆದರೂ ಹೇಳಿದ್ದು ಇಷ್ಟೇ: "ಮುಂಗುಸಿ ಬ್ಯಾರೆ, ಮನಶ್ಯಾ ಬ್ಯಾರೆ. ಮನಶ್ಯಾಗ ಬುದ್ಧಿ ಅದ. ಇನ್ನಷ್ಟು ದಿನ ನೋಡೋಣು."

"ಮನಶ್ಯಾನ್ನ ನೋಡಾಕ ನೀವು ಕಾಲೊನಿಗೆ ಹೋಗೀರೇನು ಸರ್?"

ಅವರು ಪರದೆಯ ಕಡೆ ತಿರುಗಿದರು. ದಾಕ್ಷಾಯಣಿ ಒಬ್ಬಳೇ ಹೋದಳು.

ಸಂಜೆಯ ಹೊತ್ತು. ಮಳೆ ಹೊಳವಾಗಿತ್ತು. ಜನ ಹೊರಗೆ ಕೂತು ಹರಟುವ ಹೊತ್ತು ಅದು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೂಲೆಯ ಕಿರಾಣಿ ಅಂಗಡಿಗೆ ಗಿರಾಕಿಗಳಿಲ್ಲದೆ ಬೀಗ ಬಿದ್ದಿತ್ತು. ಎರಡೂ ಬದಿಯ ಮನೆಗಳ ಒಳಗೆ, ಬಾಗಿಲಿನಿಂದ ದೂರ, ಗೋಡೆಗೆ ಒರಗಿ ಜನ ಕೂತಿದ್ದರು. ಸೂಜಿ ಹಾಕಿಸಿಕೊಳ್ಳದವರು ನೀರು, ರೇಶನ್ನು ಹೊತ್ತು ಅವರ ಮನೆಗಳಿಗೆ ಮುಟ್ಟಿಸುತ್ತಿದ್ದರು. ಶಿವಪುತ್ರಪ್ಪ ಒಳಕೋಣೆಯಲ್ಲಿದ್ದ. ಕಟ್ಟು ಸೂಜಿ ಹಾಕಿದ ಮೇಲೆ ಮೂರು ದಿನ ಅವನನ್ನು ಕೂಡಿಟ್ಟಿದ್ದ ಕೋಣೆ ಅದೇ.

"ಬಾರವ್ವಾ," ಎಂದು ನಕ್ಕ. ಎದ್ದು ಬರಲಿಲ್ಲ. ದಪ್ಪ ಅಂಗಾಲಿನ ಚರ್ಮ ಸುಲಿದು, ಕೂಸಿನ ಕಾಲಿನಂತೆ ಮೆತ್ತಗೆ ಕಾಣುತ್ತಿತ್ತು.

ದಾಕ್ಷಾಯಣಿ ವರದಿ ಬರೆದಳು. ಸೂಜಿ ನಿಲ್ಲಿಸಬೇಕು, ಹಾಕಿಸಿಕೊಂಡವರನ್ನು ಆಸ್ಪತ್ರೆಯ ನಿಗಾದಲ್ಲಿಡಬೇಕು ಎಂದು ಕೇಳಿದಳು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಪರಿಶೀಲನೆ ನಡೆಯುತ್ತಿರುವಾಗಲೇ ಕೆರೆ ಒಡೆಯಿತು.

ಮೇಲಿನ ಊರುಗಳಲ್ಲಿ ಮೂರು ದಿನ ಸುರಿದ ಮಳೆಯ ನೀರು ಹಳೆಯ ಕೆರೆಗೆ ತುಂಬಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಒಡ್ಡು ಬಿರಿಯಿತು. ಕಾಲೊನಿ ಇದ್ದದ್ದು ಕೆರೆಯ ಕೆಳಗಿನ ತಗ್ಗಿನಲ್ಲಿ. ಕೇಂದ್ರದ ಕಿಟಕಿಯಿಂದ ದಾಕ್ಷಾಯಣಿಗೆ ಕೆಂಪು ನೀರು ಮೊದಲ ಸಾಲಿಗೆ ನುಗ್ಗುವುದು ಕಂಡಿತು. ಮನೆಗಳಿಂದ ಕೆಲವರು ಓಡಿ ಬರುತ್ತಿದ್ದರು. ಬಹಳ ಜನ ಬರುತ್ತಿರಲಿಲ್ಲ.

ಶಿಬಿರದಲ್ಲಿ ಉಳಿದ ಸೂಜಿಗಳು ಕೇಂದ್ರದ ತಂಪು ಪೆಟ್ಟಿಗೆಯಲ್ಲಿದ್ದವು. ಬಿಚ್ಚು ಸೂಜಿಗಳನ್ನು ಕೈಗೆ ಸಿಕ್ಕಷ್ಟು ಚೀಲಕ್ಕೆ ತುಂಬಿಕೊಂಡು ಅವಳು ಜೀಪು ಹತ್ತಿದಳು.

ಎರಡನೆಯ ಸಾಲು ಮುಟ್ಟುವ ಹೊತ್ತಿಗೆ ನೀರು ಸೊಂಟಕ್ಕೆ ಬಂದಿತ್ತು. ಗಂಡಸರು ಒಬ್ಬ ಮುದುಕಿಯನ್ನು ಹೊತ್ತು ತರುತ್ತಿದ್ದರು. ಅವಳು ಅವರ ಕೈ ಕಚ್ಚುತ್ತಿದ್ದಳು, ಮನೆಯ ಕಡೆ ಕೈ ಚಾಚಿ ಚೀರುತ್ತಿದ್ದಳು. ಹಿಡಿತ ಸಡಿಲಾದದ್ದೇ ನೀರಿಗೆ ಬಿದ್ದು, ಈಜು ಬಾರದಿದ್ದರೂ ಬಡಿದಾಡುತ್ತ ವಾಪಸು ಹೋದಳು.

ನೀಲವ್ವ ಒಳಕೋಣೆಯಲ್ಲಿ ಗಂಡನ ರಟ್ಟೆ ಹಿಡಿದು ಜಗ್ಗುತ್ತಿದ್ದಳು. ಶಿವಪುತ್ರಪ್ಪ ಕಿಟಕಿಯ ಸರಳು ಹಿಡಿದು ನಿಂತಿದ್ದ. ಮುಖದಲ್ಲಿ ಗಾಬರಿ ಇರಲಿಲ್ಲ.

"ನೀ ಹೋಗ ನೀಲಾ. ಹೋಗಿ ದಾಕ್ಷಿ ಕೂಡ ಇರು. ನಾ ಇಲ್ಲೇ ಇರ್ತೀನಿ, ನೀರು ಇಳೀತೈತಿ."

ದಾಕ್ಷಾಯಣಿ ಸೂಜಿ ತೆಗೆದಳು.

"ಅಕ್ಕಾ ಕೇಳು. ಇದು ಬಿಚ್ಚೂ ಸೂಜಿ. ಇದನ್ನ ಹಾಕಿದ್ರ ಹೊರಗ ಬರ್ತಾರ. ಆದ್ರ ಮತ್ತ ಕಟ್ಟಾಕ ಆಗಂಗಿಲ್ಲ. ಎರಡನೇ ಸಲ ಯಾವ ಮುಂಗುಸಿಗೂ ಕಟ್ಟು ಸೂಜಿ ಹಿಡಿಲಿಲ್ಲ. ಇನ್ನ ಮ್ಯಾಲೆ ಯಾವ ಜಾಗನೂ ಅವ್ರಿಗೆ ತಮ್ದು ಅನ್ಸಂಗಿಲ್ಲ."

"ಜೀವಂತ ಇರ್ತಾರಿಲ್ಲ?"

"ಇರ್ತಾರ."

"ಹಾಕು."

"ಅಕ್ಕಾ..."

"ಹಾಕಂದ್ನೆಲ್ಲ!"

ನೀರು ಎದೆಗೆ ಬರುವ ಹೊತ್ತಿಗೆ ಶಿವಪುತ್ರಪ್ಪನ ಬೆರಳುಗಳು ಒಂದೊಂದಾಗಿ ಸರಳು ಬಿಟ್ಟವು. ಅವನು ಕೋಣೆಯ ಸುತ್ತ ನೋಡಿದ. ತಾನು ಬಣ್ಣ ಬಳಿದ ಬಾಗಿಲನ್ನು ನೋಡಿದ. "ಇದು ಯಾರ ಮನಿ?" ಎಂದ. ಇಬ್ಬರೂ ಸೇರಿ ಅವನನ್ನು ಹೊರಗೆ ಎಳೆದುಕೊಂಡು ಬಂದರು.

ದಾಕ್ಷಾಯಣಿ ಪಕ್ಕದ ಎರಡು ಮನೆಗಳಿಗೆ ಹೋಗಿ ಬರುವಷ್ಟರಲ್ಲಿ ಉಳಿದ ಮನೆಗಳ ದಾರಿ ಮುಳುಗಿತು. ಮರುದಿನ ನೀರು ಇಳಿದಾಗ ಹೆಣಗಳು ಮನೆಯೊಳಗೇ ಸಿಕ್ಕವು, ಬಾಗಿಲುಗಳು ತೆರೆದಿದ್ದವು.

ಆಮೇಲೆ ವಿಚಾರಣೆ ನಡೆಯಿತು. ಇನಾಮದಾರರು ಎಲ್ಲವನ್ನೂ ಒಪ್ಪಿಕೊಂಡು ರಾಜೀನಾಮೆ ಕೊಟ್ಟರು. ದಾಕ್ಷಾಯಣಿಯೂ ಕೇಂದ್ರ ಬಿಟ್ಟಳು. ಕಟ್ಟು ಸೂಜಿಯ ಪ್ರಮಾಣ ಕಡಿಮೆ ಮಾಡಿ ಇನ್ನೊಂದು ಕಡೆ ಪ್ರಯೋಗ ಮುಂದುವರಿಸುವುದಾಗಿ ವಿಚಾರಣೆಯ ಕೊನೆಯಲ್ಲಿ ಅಧಿಕಾರಿಗಳು ಹೇಳಿದರು.

ತಾಲ್ಲೂಕು ಊರಿನಲ್ಲಿ ಒಂದು ಬಾಡಿಗೆ ಮನೆ ಮಾಡಿ ದಾಕ್ಷಾಯಣಿ ಅಕ್ಕನನ್ನೂ ಮಾಮನನ್ನೂ ಅಲ್ಲಿಗೆ ಕರೆತಂದಳು. ಶಿವಪುತ್ರಪ್ಪ ಅಲ್ಲಿ ನಿಲ್ಲುತ್ತಿರಲಿಲ್ಲ. ಯಾರ ಮನೆಗೋ ಬಂದ ಬೀಗರಂತೆ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದು, "ಬರ್ತೀನ್ರಿ ಹಂಗಾದ್ರ," ಎಂದು ಎದ್ದು ಹೊರಡುತ್ತಿದ್ದ. ಎಲ್ಲಿಗೆ ಎಂದರೆ ಅವನಿಗೆ ತಿಳಿಯದು. ಹೆಂಡತಿಯ ಗುರುತಿತ್ತು, ಅವಳ ಮೇಲೆ ಅಕ್ಕರೆಯೂ ಇತ್ತು. "ಹೊತ್ತಾತು ನೀಲಾ, ಇನ್ನ ಹೋಗೋಣ," ಎಂದು ದಿನಕ್ಕೆ ಎಷ್ಟೋ ಸಲ ಕರೆಯುತ್ತಿದ್ದ. ನೀಲವ್ವ ಚಪ್ಪಲಿ ಮೆಟ್ಟಿ ಜೊತೆಗೆ ಹೊರಡುತ್ತಿದ್ದಳು. ಪೇಟೆ ದಾಟಿ, ಹೊಲ ದಾಟಿ, ಸಾಕಾಗುವವರೆಗೆ ನಡೆದು, ಹೇಗೋ ತಿರುಗಿಸಿಕೊಂಡು ಬರುತ್ತಿದ್ದಳು. ತಪ್ಪಿಸಿಕೊಂಡರೆ ಹುಡುಕಲಿಕ್ಕಿರಲಿ ಎಂದು ದಾಕ್ಷಾಯಣಿ ಅವನ ಕಾಲಿಗೆ ಮುಂಗುಸಿಗಳಿಗೆ ಕಟ್ಟುವಂಥ ಸಣ್ಣ ಪಟ್ಟಿಯೊಂದನ್ನು ಕಟ್ಟಿದ್ದಳು.

"ನಡೀತಾ ನಡೀತಾ ಒಂದಿನ ಯಾವುದರೆ ಜಾಗ ತಮ್ದು ಅನ್ಸಬಹುದಕ್ಕಾ," ಎಂದಿದ್ದಳು. "ಮರಿಗಳು ಹಂಗ ಕಲೀತಾವ."

"ಇವ್ರು ಮರಿ ಅಲ್ಲಲ್ಲವ್ವಾ," ಎಂದಿದ್ದಳು ನೀಲವ್ವ.

ಬೇಸಿಗೆಯಲ್ಲಿ ನೀಲವ್ವನಿಗೆ ಜ್ವರ ಬಂದು ಏಳಲಾಗದ ದಿನ ಅವನು ಒಬ್ಬನೇ ಹೋದ. ಪಟ್ಟಿಯ ಬ್ಯಾಟರಿ ಅಂದೇ ಮುಗಿಯಿತು. ದಾಕ್ಷಾಯಣಿ ಊರೂರು ಹುಡುಕಿದಳು. ಕೊನೆಗೆ ಪಕ್ಕದ ಜಿಲ್ಲೆಯ ಒಬ್ಬ ರೈತ ತನ್ನ ಹತ್ತಿ ಹೊಲದ ಬದುವಿನ ಮೇಲೆ ಅವನ ಹೆಣ ಕಂಡು ಪೊಲೀಸರಿಗೆ ತಿಳಿಸಿದ. ಬಿಸಿಲಿಗೆ ಬಿದ್ದು ಸತ್ತಿದ್ದ. ಎಲ್ಲೂ ಗಾಯವಿರಲಿಲ್ಲ.

"ಎಲ್ಲಿಗೆ ಒಯ್ಯೋಣಕ್ಕಾ?" ಎಂದು ದಾಕ್ಷಾಯಣಿ ಕೇಳಿದಳು. ಕರಿಗುಡ್ಡದ ರುದ್ರಭೂಮಿ ಗಣಿಯ ಗುಂಡಿಯಾಗಿತ್ತು. ಕಾಲೊನಿ ಹಾಳುಬಿದ್ದಿತ್ತು.

ಮಾತು ಕೇಳಿಸಿಕೊಂಡ ರೈತ ಮುಂದೆ ಬಂದ. "ನಮ್ಮ ಹೊಲದ ಮೂಲ್ಯಾಗ ಜಾಗ ಐತ್ರಿ ತಾಯಿ. ನಮ್ಮಪ್ಪನ್ನೂ ಅಲ್ಲೇ ಇಟ್ಟೀವಿ. ನೀವು ಅಡ್ಡಿಯಿಲ್ಲಂದ್ರ..."

ನೀಲವ್ವ ತಲೆಯಾಡಿಸಿದಳು. ರೈತನ ಮನೆಯವರೇ ಕುಣಿ ತೋಡಿದರು. ಆ ಹೊತ್ತಿನಲ್ಲಿ ಅಕ್ಕ ತಂಗಿಯರು ಬನ್ನಿ ಗಿಡದ ಕೆಳಗೆ ಕೂತಿದ್ದರು.

"ಪಟ್ಟಿಯಾಗ ಕಂಡಿರಬೇಕಲ್ಲ," ಎಂದಳು ನೀಲವ್ವ. "ಯಾವ ಕಡೆ ಹೊಂಟಿದ್ರು? ಊರ ಕಡೆಗೇನು?"

ಬ್ಯಾಟರಿ ಮುಗಿಯುವವರೆಗಿನ ಗೆರೆಯನ್ನು ದಾಕ್ಷಾಯಣಿ ಬಹಳ ಸಲ ನೋಡಿದ್ದಳು. ಹೌದು ಎಂದುಬಿಡಬಹುದಿತ್ತು. ಅಕ್ಕನ ಮುಖ ನೋಡಿ ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಇಲ್ಲಕ್ಕಾ. ಊರ ಕಡೆ ಅಲ್ಲ. ನಮ್ಮ ಕಡೆನೂ ಅಲ್ಲ. ಅಷ್ಟು ದೂರ ಹೋಗ್ಯಾರ, ಮತ್ತ ಈ ಕಡೆ ಬಂದಾರ, ಸುತ್ತ್ಯಾರ. ಯಾವ ಕಡೆಗೂ ಅಲ್ಲ."

ನೀಲವ್ವ ಕುಣಿ ತೋಡುವವರ ಕಡೆ ನೋಡಿದಳು.

"ಅವತ್ತ ನೀರಾಗ ಬಿಟ್ಟಿದ್ರ," ಎಂದಳು, "ಮನ್ಯಾಗ ಸಾಯ್ತಿದ್ರು."

ದಾಕ್ಷಾಯಣಿ ಅವಳ ಕಡೆ ತಿರುಗಿದಳು. "ಅಕ್ಕಾ, ನಾನು..."

"ನೀ ಕೇಳಿದಿ. ಹಾಕಂದಾಕಿ ನಾನು."

ಅಷ್ಟರಲ್ಲಿ ರೈತ ಕೈಸನ್ನೆ ಮಾಡಿದ. ನೀಲವ್ವ ತಂಗಿಯ ಹೆಗಲಿಗೆ ಕೈಯೂರಿ ಎದ್ದಳು. ಇಬ್ಬರೂ ಹೋಗಿ, ಬಗ್ಗಿ, ಗೊತ್ತಿಲ್ಲದ ಆ ಹೊಲದ ಕರಿ ಮಣ್ಣನ್ನು ಹಿಡಿ ಹಿಡಿಯಾಗಿ ಹಾಕತೊಡಗಿದರು.